ನೂರು ವೋಲ್ಟು, ಅವಸರವಿಲ್ಲ

ಮಾರ್ಚ್ 4, ಮಂಗಳವಾರ

ಆರೂವರೆ ಆಯಿತು. ಫೋನ್ ಬರುವುದಿಲ್ಲ ಎಂದು ಗೊತ್ತಿದ್ದೂ ಅಂಗಡಿಯ ಬಾಗಿಲು ಅರ್ಧ ಎಳೆದು ಸ್ಟೂಲಿನ ಮೇಲೆ ಕುಳಿತಿದ್ದೇನೆ. ತಮ್ಮ ಹೋಗಿ ಇವತ್ತಿಗೆ ಮೂವತ್ತಾರು ದಿನ. ಇಷ್ಟು ವರ್ಷ ದಿನಾ ಆರೂವರೆಗೆ ಅವನೇ ಫೋನ್ ಮಾಡುತ್ತಿದ್ದ. ನಾನು ಅವತ್ತಿನದೆಲ್ಲ ಹೇಳುತ್ತಿದ್ದೆ: ಯಾರ ಮೋಟಾರು ಸುಟ್ಟಿತು, ಯಾವ ಗಿರಾಕಿ ತಲೆ ತಿಂದ, ಮೊಣಕಾಲು ಎಷ್ಟು ನೋಯಿತು. ಅವನು "ಹೂಂ, ಹೂಂ" ಅನ್ನುತ್ತಿದ್ದ. ನಮ್ಮಿಬ್ಬರ ನಡುವೆ ಮುಚ್ಚುಮರೆ ಎಂಬುದೇ ಇರಲಿಲ್ಲ.

ಈಗ ಹೇಳಿಕೊಳ್ಳಲು ಯಾರೂ ಇಲ್ಲ. ಮೋಟಾರು, ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತಿದ ಲೆಕ್ಕ ಬರೆದಿಡುವ ಈ ಪುಸ್ತಕದ ಹಿಂದಿನ ಅರ್ಧ ಖಾಲಿ ಇತ್ತು. ತಲೆಕೆಳಗು ಮಾಡಿ ಹಿಡಿದು ಇಲ್ಲೇ ಬರೆಯುತ್ತಿದ್ದೇನೆ. ಪುಸ್ತಕ "ಹೂಂ" ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

ಇವತ್ತು ಡ್ರೈವಿಂಗ್ ಮೇಡಂ ಬಂದಿದ್ದಳು. ಅಂದರೆ ತಮ್ಮನ ಹೆಂಡತಿ. ಊರಿನವರಿಗೆಲ್ಲ ಕಾರು ಕಲಿಸುತ್ತಾಳೆ. ಎದುರಿಗಿದ್ದವರ ಮಾತು ಹಿಡಿಸದಿದ್ದರೆ ಅವಳ ಬಲಗಾಲು ತಾನಾಗಿ ನೆಲದ ಮೇಲೆ ಬ್ರೇಕ್ ಒತ್ತುತ್ತದೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನನ್ನ ಎದುರು ಆ ಕಾಲು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ.

ಚೀಲದಿಂದ ಒಂದು ಬೂದು ಬಣ್ಣದ ಆಟದ ಪೆಟ್ಟಿಗೆ ತೆಗೆದಳು. ಟಿವಿಗೆ ಸಿಕ್ಕಿಸಿ ಆಡುವಂಥದ್ದು, ಕನಿಷ್ಠ ಮೂವತ್ತು ವರ್ಷ ಹಳೆಯದು. ಜೊತೆಗೆ ಪೇಪರಿನಲ್ಲಿ ಸುತ್ತಿದ ಅಡಾಪ್ಟರು. ಬಿಚ್ಚುವ ಮೊದಲೇ ಮೂಗಿಗೆ ಗೊತ್ತಾಯಿತು.

"ಗೋಡೆಗೆ ಚುಚ್ಚಿದೆ ಅತ್ತಿಗೆ. ಬುಸ್ ಅಂತು, ಹೊಗೆ ಬಂತು. ಕಿತ್ತುಬಿಟ್ಟೆ."

"ನೇರ ಗೋಡೆಗಾ? ಇನ್ನೂರ ಮೂವತ್ತಕ್ಕಾ?"

"ನನಗೇನು ಗೊತ್ತು? ಅವರು ಟೇಬಲ್ ಕೆಳಗೆ ಬಗ್ಗಿ ಏನೋ ಚುಚ್ತಿದ್ರು. ಅಲ್ಲೊಂದು ಡಬ್ಬ ಇತ್ತಂತೆ. ಮನೆ ತುಂಬ ಜನ ಬಂದಿದ್ರಲ್ಲ ಆಗ, ಯಾರೋ ಎತ್ತಿ ಅಟ್ಟಕ್ಕೆ ಹಾಕಿದಾರೆ."

ಅಡಾಪ್ಟರಿನ ಬೆನ್ನ ಮೇಲೆ ನೂರು ವೋಲ್ಟು ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಮನೆಯ ಕರೆಂಟೇ ನೂರು ವೋಲ್ಟು ಇರುವ ದೇಶದ ಸಾಮಾನು ಅದು. ನಮ್ಮ ಗೋಡೆಯಲ್ಲಿರುವುದು ಅದರ ಎರಡೂಕಾಲು ಪಟ್ಟು. ಡಬ್ಬ ನಡುವೆ ನಿಂತು ಇಳಿಸಿ ಕೊಡುತ್ತಿತ್ತು. ಬರೆದದ್ದನ್ನು ಓದದೆ ಚುಚ್ಚುವವರು ಇರುವುದರಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ, ಹಾಗಾಗಿ ಹೆಚ್ಚು ಬೈಯಲಿಲ್ಲ. ಸ್ವಲ್ಪ ಬೈದೆ.

"ಮಕ್ಕಳ ಆಟದ ಸಾಮಾನು, ಬಿಟ್ಟುಬಿಡು," ಎಂದೆ.

"ಮಕ್ಕಳದಲ್ಲ. ನಮ್ಮದು. ಭಾನುವಾರ ಬೆಳಗ್ಗೆ ಇಬ್ರೂ ಆಡ್ತಿದ್ವಿ, ಆರು ವರ್ಷದಿಂದ, ಒಂದೇ ಆಟ. ಕೊನೇ ಕೋಟೆ ಒಂದು ಬಾಕಿ ಇತ್ತು." ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿ, "ಎಲ್ಲಿಗೆ ನಿಲ್ಲಿಸಿದ್ವೋ ಅದು ಅದರೊಳಗೇ ಉಳಿದಿರುತ್ತೆ ಅತ್ತಿಗೆ. ಅವರು ನಿಲ್ಲಿಸಿದ ಜಾಗ," ಎಂದಳು.

ಆರು ವರ್ಷ. ನನಗೆ ಹೇಳಿಯೇ ಇರಲಿಲ್ಲ. ಹೇಳಿರಬೇಕು, ನಾನು ಮರೆತಿರಬೇಕು.


ಮಾರ್ಚ್ 5, ಬುಧವಾರ

ಅಡಾಪ್ಟರ್ ಬಿಚ್ಚಿದೆ. ಒಳಗಿನ ಸುರುಳಿ ಕಪ್ಪಗಾಗಿ ತಂತಿ ಕಡಿದುಹೋಗಿದೆ. ಆದರೆ ಹೊಡೆತ ಮುಂದಕ್ಕೆ ಹೋಗಿಲ್ಲ. ತಾನು ಸುಟ್ಟುಕೊಂಡು ಪೆಟ್ಟಿಗೆಯನ್ನು ಉಳಿಸಿದೆ. ಮೇಡಂ ಬೇಗ ಕಿತ್ತದ್ದೂ ಒಳ್ಳೆಯದಾಯಿತು. ಅದನ್ನು ಅವಳಿಗೆ ಹೇಳುವ ಅಗತ್ಯವಿಲ್ಲ.

ಮೇಜಿನ ಮೇಲಿನ ನನ್ನ ಸಪ್ಲೈಯಿಂದಲೇ ಒಂಬತ್ತು ವೋಲ್ಟು ಕೊಟ್ಟು, ಗಿರಾಕಿಯೊಬ್ಬ ಬಿಟ್ಟುಹೋದ ಟಿವಿಗೆ ಸಿಕ್ಕಿಸಿ ನೋಡಿದೆ. ಈ ಪೆಟ್ಟಿಗೆಗಳಲ್ಲಿ ಪ್ಲಸ್ಸು ಹೊರಗೆ, ಮೈನಸ್ಸು ಒಳಗೆ. ನೋಡದೆ ಕೊಟ್ಟರೆ ಅದೂ ಒಂದು ಸಾವು. ನಾನು ನೋಡಿ ಕೊಟ್ಟೆ. ಬಣ್ಣ ಬರಲಿಲ್ಲ, ಆ ದೇಶದ ಬಣ್ಣದ ಪದ್ಧತಿ ಬೇರೆ. ಕಪ್ಪು ಬಿಳುಪಿನಲ್ಲಿ ಒಂದು ಬೆಟ್ಟ, ಒಂದು ಕತ್ತಿ, ಆಮೇಲೆ ಮೂರು ಸಾಲು ಬಂತು. ಪ್ರತಿ ಸಾಲಿನಲ್ಲಿ ನನಗೆ ಓದಲು ಬಾರದ ಅಕ್ಷರಗಳು, ಪಕ್ಕದಲ್ಲಿ ಅಂಕಿ. 41. 39. ಮೂರನೆಯದರಲ್ಲಿ 1.

ಮೇಲಿನ ಎರಡು ಅವರಿಬ್ಬರದು ಇರಬೇಕು. ಮೂರನೆಯದು ಯಾರದೋ, ಶುರುವೇ ಆಗಿಲ್ಲ. ಮೂರು ಅಕ್ಷರ, ಮಧ್ಯದ್ದು ಚಿಕ್ಕದು. ಇಬ್ಬರು ದೊಡ್ಡವರ ನಡುವೆ ಕೈ ಹಿಡಿದು ನಿಂತ ಮಗುವಿನ ಹಾಗೆ.

ಮೇಡಂಗೆ ಫೋನ್ ಮಾಡಿ "ಪೆಟ್ಟಿಗೆ ಬದುಕಿದೆ" ಎಂದೆ. "ಥ್ಯಾಂಕ್ಸ್ ಅತ್ತಿಗೆ" ಎಂದಳು.


ಮಾರ್ಚ್ 7, ಶುಕ್ರವಾರ

ಮಾರ್ಕೆಟ್ಟಿನಿಂದ ನಮ್ಮ ಕರೆಂಟಿನ ರೆಡಿ ಅಡಾಪ್ಟರ್ ತಂದು ತುದಿ ಬದಲಿಸಿ ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಹಾಗೇ ಮಾಡೋಣ ಎಂದುಕೊಂಡಿದ್ದೆ. ಮೂವತ್ತನಾಲ್ಕು ನಂಬರಿನ ತಂತಿ ಹುಡುಕುತ್ತ ರೀಲು ಎತ್ತಿದರೆ ಅಡಿಯಲ್ಲಿ ಚೀಟಿ. ತಮ್ಮನ ಅಕ್ಷರ.

"ಅಕ್ಕಾ, ನಮ್ಮ ಆಟದ ಪೆಟ್ಟಿಗೆಗಳಿಗೆಲ್ಲ ಸೇರಿ ಒಂದೇ ಟ್ರಾನ್ಸ್‌ಫಾರ್ಮರ್ ಸುತ್ತಿ ಕೊಡು. ನೂರು ವೋಲ್ಟು, ಐವತ್ತು ವ್ಯಾಟು ಸಾಕು. ಈಗಿರುವ ಡಬ್ಬ ನೂರಹತ್ತು ಕೊಡುತ್ತೆ, ಪೆಟ್ಟಿಗೆಗಳು ಬಿಸಿಯಾಗುತ್ತವೆ. ಅವಸರವಿಲ್ಲ."

ಕೆಳಗೆ ತಾರೀಖು: ಜನವರಿ ಹದಿನೆಂಟು, ಶನಿವಾರ. ಅವನು ಹೋಗುವುದಕ್ಕೆ ಒಂಬತ್ತು ದಿನ ಮೊದಲು. ಅವತ್ತು ಅಂಗಡಿಗೆ ಬಂದಿದ್ದ. ನಾನು ಎಣಿಕೆಯಲ್ಲಿದ್ದೆ.

ಸುತ್ತುವ ಯಂತ್ರದ ಕೌಂಟರು ಕೆಟ್ಟು ಹನ್ನೊಂದು ವರ್ಷವಾಯಿತು. ಅಂದಿನಿಂದ ಬಾಯಲ್ಲೇ ಎಣಿಸುತ್ತೇನೆ. ಮಧ್ಯದಲ್ಲಿ ಯಾರಾದರೂ ಬಂದರೆ ಎಡ ಅಂಗೈ ಎತ್ತಿ ತೋರಿಸುತ್ತೇನೆ. ಮಾತಾಡಬೇಡಿ ಎಂದರ್ಥ. ಬೀದಿಗೆಲ್ಲ ಗೊತ್ತು. ನೂರು ತುಂಬಿದ ಕೂಡಲೇ ನಿಲ್ಲಿಸಿ, ಹಲಗೆಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು, "ಏನು?" ಎಂದು ಕೇಳುತ್ತೇನೆ. ಅದು ನನ್ನ ನಿಯಮ. ಅವನು ನೂರು ಬರುವ ತನಕ ಕಾಯಲಿಲ್ಲ, ಹೊರಟುಬಿಟ್ಟ. ಚಿಕ್ಕಂದಿನಿಂದಲೂ ಅವನಿಗೆ ಕಾಲಲ್ಲಿ ಚಕ್ರ.

ಸುತ್ತಿ ಕೊಡುತ್ತೇನೆ. ಮಾರ್ಕೆಟ್ಟಿನದು ಬೇಡ.


ಮಾರ್ಚ್ 10, ಸೋಮವಾರ

ಗೋಡೆಯ ಕಡೆಗೆ ಸಾವಿರದ ಮುನ್ನೂರ ಎಂಬತ್ತು ಸುತ್ತು, ಪೆಟ್ಟಿಗೆಯ ಕಡೆಗೆ ಆರುನೂರ ಮೂವತ್ತು. ಇವತ್ತು ಮೊದಲನೆಯದು ಮುಗಿಯಿತು. ಪ್ರತಿ ಪದರದ ಮೇಲೂ ಕಾಗದ ಹಾಕಿದೆ. ಒಂದು ತಂತಿಯೂ ಇನ್ನೊಂದರ ಮೇಲೆ ಹತ್ತಿಲ್ಲ. ಆಸ್ಪತ್ರೆಯವರು ಕೊಡುವ ಕೆಲಸಕ್ಕೂ ಇಷ್ಟು ಅಚ್ಚುಕಟ್ಟು ಮಾಡಿರಲಿಲ್ಲ.

ಪಕ್ಕದ ಅಂಗಡಿಯ ಗಡಿಯಾರದವರು ಏಳುನೂರ ನಲವತ್ತರಲ್ಲಿ ಬಂದರು. ಅಂಗೈ ತೋರಿಸಿದೆ. ಏಳುನೂರಕ್ಕೆ ಬಂದಿದ್ದರೆ ಕೇಳುತ್ತಿದ್ದೆ ಎಂದು ಆಮೇಲೆ ತಮಾಷೆ ಮಾಡಿದೆ. "ನಿಮ್ಮ ಹತ್ರ ಮಾತಾಡೋಕೆ ಮುಹೂರ್ತ ನೋಡ್ಕೊಂಡು ಬರ್ಬೇಕು," ಎಂದು ನಕ್ಕರು. ನನಗೇಕೋ ನಗು ಬರಲಿಲ್ಲ.


ಮಾರ್ಚ್ 12, ಬುಧವಾರ

ಮುಗಿಯಿತು! ಸುಟ್ಟ ಅಡಾಪ್ಟರನ್ನೂ ಮತ್ತೆ ಸುತ್ತಿದೆ. ಲೋಡ್ ಹಾಕಿ ಮೀಟರ್ ಇಟ್ಟರೆ ಸರಿಯಾಗಿ ನೂರು. ಒಂದು ಗಂಟೆ ಓಡಿಸಿ ಕೈ ಇಟ್ಟು ನೋಡಿದೆ, ಬೆಚ್ಚಗೆ ಅಷ್ಟೇ. ಮೂರು ಸಾಲೂ ಇದ್ದವು: 41, 39, 1. ತಮ್ಮ ಇದ್ದಿದ್ದರೆ ಕುಣಿಯುತ್ತಿದ್ದ.

ಇಷ್ಟೆಲ್ಲ ಮಾಡಿದ ಮೇಲೆ ಅರೆಬರೆ ಬಿಡುವುದೇಕೆ ಎಂದು ಪೆಟ್ಟಿಗೆಯ ಬೆನ್ನಿಗೆ ಸಿಕ್ಕಿಸಿದ್ದ ಆಟದ ಕ್ಯಾಸೆಟ್ಟನ್ನೂ ಬಿಚ್ಚಿದೆ. ಒಳಗೊಂದು ಗುಂಡಿ ಬ್ಯಾಟರಿ, ಮೂರು ವೋಲ್ಟಿನದು. ಎರಡೂವರೆಗೆ ಇಳಿದಿತ್ತು. ಇನ್ನೊಂದು ವರ್ಷ ಬಾಳಿದರೆ ಹೆಚ್ಚು. ಗಡಿಯಾರದವರ ಹತ್ತಿರ ಹೊಸದು ತಂದೆ. ಅಪ್ಪ ಕಲಿಸಿದ ಮೊದಲ ಪಾಠ: ಮೊದಲು ಕರೆಂಟ್ ತೆಗೆ, ಆಮೇಲೆ ಕೈ ಹಾಕು. ನಲವತ್ತು ವರ್ಷದಲ್ಲಿ ಒಂದು ದಿನವೂ ಅದನ್ನು ಮೀರಿಲ್ಲ, ಅದಕ್ಕೇ ಹತ್ತೂ ಬೆರಳು ನೆಟ್ಟಗಿವೆ. ಹಳೆಯ ಬ್ಯಾಟರಿ ಬಿಡಿಸಿ ತೆಗೆದೆ, ತುಕ್ಕು ಉಜ್ಜಿ ಸ್ವಚ್ಛ ಮಾಡಿದೆ, ಹೊಸದನ್ನು ಬೆಸುಗೆ ಹಾಕಿ ಕೂರಿಸಿದೆ. ಇನ್ನು ಇಪ್ಪತ್ತು ವರ್ಷ ಚಿಂತೆಯಿಲ್ಲ.

ನಾಳೆ ಒಮ್ಮೆ ಹಾಕಿ ನೋಡಿ ಮೇಡಂಗೆ ಫೋನ್ ಮಾಡಬೇಕು. ನನ್ನ ಬಾಯಿಂದ ಹೊಗಳಿಕೆ ಬರುವುದು ಕಡಿಮೆ, ಆದರೆ ಈ ಕೆಲಸ ಚೆನ್ನಾಗಿದೆ.


ಮಾರ್ಚ್ 13

ಮೂರು ಸಾಲೂ ಖಾಲಿ.


ಮಾರ್ಚ್ 14

ಗಡಿಯಾರದವರಿಗೆ ಕ್ಯಾಸೆಟ್ ತೋರಿಸಿದೆ. ಕಣ್ಣಿಗೆ ಮಸೂರ ಏರಿಸಿಕೊಂಡು ತಿರುಗಿಸಿ ನೋಡಿದರು.

"ಬ್ಯಾಟರಿ ಬದಲಾಯಿಸೋವಾಗ ಬೇರೆ ಕಡೆಯಿಂದ ಸಪ್ಲೈ ಕೊಟ್ಕೊಂಡಿದ್ರಾ?"

"ಇಲ್ಲ. ಸಪ್ಲೈ ತೆಗೆದೇ ಮಾಡಿದ್ದು."

"ಅಯ್ಯೋ. ಇದು ಓಡಿಸೋ ಬ್ಯಾಟರಿ ಅಲ್ಲ ಮೇಡಂ. ನೆನಪಿಟ್ಕೊಳ್ಳೋ ಬ್ಯಾಟರಿ. ಇದನ್ನ ತೆಗೆದ್ರೆ ಒಂದು ಕ್ಷಣವೂ ಸಾಕು, ಎಲ್ಲಾ ಮರೆತುಬಿಡುತ್ತೆ."

ಮತ್ತೆ ಬರುತ್ತದೆಯೇ ಎಂದು ಕೇಳಿದೆ. ಅವರು ಮಸೂರ ತೆಗೆದು ಕಣ್ಣು ಒರೆಸಿಕೊಂಡರು, ಕ್ಯಾಸೆಟ್ಟನ್ನು ನನ್ನ ಕೈಗೆ ವಾಪಸ್ಸಿಟ್ಟರು.

ಇಂಥ ಪೆಟ್ಟಿಗೆ ಬಲ್ಲ ಯಾವ ಮೆಕ್ಯಾನಿಕ್ಕೂ ಈ ತಪ್ಪು ಮಾಡುತ್ತಿರಲಿಲ್ಲ. ಏನೂ ಬಾರದವರು ಬ್ಯಾಟರಿಗೆ ಕೈಯೇ ಹಾಕುತ್ತಿರಲಿಲ್ಲ. ನನ್ನಂಥವಳೇ ಬೇಕಿತ್ತು.


ಮಾರ್ಚ್ 15, ಶನಿವಾರ

ಅವಳೇ ಫೋನ್ ಮಾಡಿದಳು. "ನಾಳೆ ಭಾನುವಾರ, ಬಂದು ತಗೊಂಡು ಹೋಗ್ಲಾ?"

"ಟ್ರಾನ್ಸ್‌ಫಾರ್ಮರಿಗೆ ಬಳಿದ ವಾರ್ನಿಷ್ ಒಣಗಿಲ್ಲ," ಎಂದೆ.

ವಾರ್ನಿಷ್ ಬುಧವಾರವೇ ಒಣಗಿದೆ.


ಮಾರ್ಚ್ 23, ಭಾನುವಾರ

ನಾನೇ ಹೋಗಿ ಕೊಟ್ಟು ಬಂದೆ. ಹೇಳಿಬಿಡಬೇಕು ಎಂದೇ ಹೋದದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ತಮ್ಮನ ಮನೆಯ ಆ ಕೋಣೆಗೆ ಎಷ್ಟು ವರ್ಷದಿಂದ ಹೋಗಿರಲಿಲ್ಲವೋ. ಅವನು ಹಲ್ಲಿನ ಸೆಟ್ಟು ಮಾಡುತ್ತಿದ್ದವನು. ಕಪಾಟಿನ ತುಂಬ ಯಾರ್ಯಾರದೋ ಬಾಯಿಯ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಕೂತಿವೆ. ಕೆಳಗೆ ಟಿವಿ, ಅದರ ಮುಂದೆ ಎರಡು ದಿಂಬು. ಒಂದರಲ್ಲಿ ಇನ್ನೂ ಕೂತವರ ಗುಳಿ ಹಾಗೇ ಇದೆ. ಅವಳು ಇನ್ನೊಂದರ ಮೇಲೆ ಕುಳಿತಳು. ನನಗೆ ಕುರ್ಚಿ ಕೊಟ್ಟಳು.

ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಎಷ್ಟು ಚೆನ್ನಾಗಿದೆ," ಎಂದಳು. ಚುಚ್ಚುವ ಮೊದಲು ಬರೆದದ್ದನ್ನು ಎರಡು ಸಲ ಓದಿದಳು, ನನ್ನ ಮುಖ ನೋಡಿದಳು, ಆಮೇಲೆ ಸ್ವಿಚ್ ಹಾಕಿದಳು. ಬೆಟ್ಟ ಬಂತು, ಕತ್ತಿ ಬಂತು, ಅವರ ಟಿವಿಯಲ್ಲಿ ಬಣ್ಣವೂ ಬಂತು. ಮೂರು ಖಾಲಿ ಸಾಲು ಬಂದವು.

ಈಗ ಹೇಳಬೇಕಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವಳೇ ಹೇಳಿದಳು.

"ನಾನೇ ಕೊಂದೆ. ಅವತ್ತು ಗೋಡೆಗೆ ಚುಚ್ಚಿದಾಗ್ಲೇ ಹೋಗಿದೆ. ನೀವು ಪಾಪ ಎಲ್ಲಾ ಸರಿ ಮಾಡಿದ್ರಿ. ನನ್ನ ಈ ಕೈಯಿಂದಲೇ ಹೋಯ್ತು." ಎರಡೂ ಕೈ ಮುಂದೆ ಚಾಚಿ ಯಾರದೋ ಕೈ ನೋಡುವಂತೆ ನೋಡಿಕೊಂಡಳು.

ಅವಳು ಅತ್ತಳು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಬಂದವರೆದುರು ಅತ್ತಿರಲಿಲ್ಲ, ಗಟ್ಟಿ ಹೆಣ್ಣು ಎಂದು ನಾನೇ ಮೂಗು ಮುರಿದಿದ್ದೆ. ಇವತ್ತು ಅತ್ತಳು. ಅಳುತ್ತಲೇ ಸಾಲುಗಳನ್ನು ಬೆರಳಿಟ್ಟು ತೋರಿಸಿದಳು. ಆಡುವುದಕ್ಕಾಗಿಯೇ ಇಬ್ಬರೂ ಆ ದೇಶದ ಅಕ್ಷರ ಕಲಿತಿದ್ದರಂತೆ. ಮೊದಲನೆಯದು ಅವನದು, ಕೋರೆಹಲ್ಲಿನ "ಕೋರೆ" ಎಂದು ಇಟ್ಟುಕೊಂಡಿದ್ದನಂತೆ. ಎರಡನೆಯದು ಇವಳದು, "ಬ್ರೇಕು".

"ಮೂರನೇದು ನಿಮ್ಮದು," ಎಂದಳು.

"ನನ್ನದಾ?"

"'ಅಕ್ಕ' ಅಂತ ಬರೆದಿದ್ರು. ಮಧ್ಯದಲ್ಲಿ ಒಂದು ಚಿಕ್ಕ ಅಕ್ಷರ ಇರುತ್ತೆ, ನಮ್ಮ ಒತ್ತು ಇದ್ದ ಹಾಗೆ. ಕೊನೇ ಕೋಟೆಗೆ ಮೂರು ಜನ ಇದ್ರೇ ಚೆನ್ನ, ಅಕ್ಕನ್ನ ಕರೀತೀನಿ ಅಂತಿದ್ರು. ಸುಮ್ನೆ ಕರೆದ್ರೆ ಬರಲ್ಲ, ಟ್ರಾನ್ಸ್‌ಫಾರ್ಮರ್ ಮಾಡ್ಸಿ, ಅದನ್ನ ಹಾಕಿ ನೋಡು ಬಾ ಅಂತ ಕರೀತೀನಿ ಅಂದ್ಕೊಂಡೇ ನಿಮ್ಮ ಅಂಗಡಿಗೆ ಬಂದಿದ್ದು. ವಾಪಸ್ ಬಂದು 'ಅಕ್ಕ ಎಣಿಕೆಯಲ್ಲಿದ್ಲು' ಅಂತ ನಕ್ಕುಬಿಟ್ರು."

ಕಪಾಟಿನಲ್ಲಿ ಅಷ್ಟು ಬಾಯಿಗಳಿದ್ದವು. ಒಂದೂ ಮಾತಾಡಲಿಲ್ಲ, ನನ್ನದೂ ಸೇರಿ.

"ಇರಲಿ ಬಿಡು, ಹಳೇ ಸಾಮಾನು," ಎಂದು ಅವಳ ಭುಜ ತಟ್ಟಿ ಎದ್ದು ಬಂದೆ. ಅವಳು ಬಾಗಿಲ ತನಕ ಬಂದು ಮತ್ತೆ ಥ್ಯಾಂಕ್ಸ್ ಹೇಳಿದಳು. ಛೀ, ನನ್ನ ಜನ್ಮಕ್ಕಿಷ್ಟು.


ಮಾರ್ಚ್ 25

ಹೇಳಿದರೆ ಏನು ಬಂತು? ಅಳಿಸಿದ್ದು ತಿರುಗಿ ಬರುತ್ತದೆಯೇ? ಹೇಗೂ ಬ್ಯಾಟರಿ ಹಳೆಯದು, ಇವತ್ತಲ್ಲ ನಾಳೆ ಹೋಗುತ್ತಿತ್ತು.

ಈ ಎರಡು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ಕಾಟು ಹಾಕಬೇಕು ಅನಿಸುತ್ತಿದೆ. ಹಾಕುವುದಿಲ್ಲ, ಇರಲಿ.


ಮಾರ್ಚ್ 27, ಗುರುವಾರ

ಹಿಂದಿನ ಪುಟಗಳನ್ನು ಓದಿದೆ. ಮಾರ್ಚ್ ಏಳರಲ್ಲಿ ಸುಳ್ಳು ಬರೆದಿದ್ದೇನೆ. ನನ್ನೊಬ್ಬಳಿಗೇ ಎಂದು ಬರೆಯುವ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ.

ಅವತ್ತು ಅವನು ಬಂದಾಗ ಎಂಟುನೂರ ಅರವತ್ತೋ ಎಪ್ಪತ್ತೋ ಆಗಿತ್ತು. ಅಂಗೈ ಎತ್ತಿದೆ. "ಕಾಯ್ತೀನಿ ಬಿಡು," ಎಂದು ಆ ಕಡೆಯ ಸ್ಟೂಲಿನ ಮೇಲೆ ಕುಳಿತ. ಒಂಬೈನೂರು ಬಂತು. ಕೈ ನಿಲ್ಲಿಸದೆ ಗೀಟು ಎಳೆದೆ. ಕೈಯಲ್ಲಿ ಆ ಪೆಟ್ಟಿಗೆಯ ಅಡಾಪ್ಟರ್ ಹಿಡಿದಿದ್ದ, ಓರೆಗಣ್ಣಿನಲ್ಲಿ ಕಂಡಿತ್ತು. ಮತ್ತೆ ಆ ಆಟದ ಸಾಮಾನಿನ ಮಾತು, ಐವತ್ತು ವರ್ಷದ ಗಂಡಸಿಗೆ ಬೇರೆ ಕೆಲಸವಿಲ್ಲ ಅನಿಸಿತು. ಸಾವಿರ ಬಂತು. ನಿಲ್ಲಿಸಲಿಲ್ಲ. ಸಾವಿರದ ನೂರು ಬಂತು. ಅವನು ನನ್ನ ಪೆನ್ಸಿಲ್ ತೆಗೆದುಕೊಂಡು ಏನೋ ಬರೆದ. ಬೆನ್ನ ಹಿಂದೆ ಬಾಗಿಲಿನ ಸದ್ದಾಯಿತು. ಆಗಲೂ ಎಣಿಸುತ್ತಿದ್ದೆ.

ಮೂರು ನೂರುಗಳನ್ನು ದಾಟಿಸಿದೆ. ಅವನು ಕಾದಿದ್ದ.

ಅವತ್ತು ಸಂಜೆ ಆರೂವರೆಗೂ ಫೋನ್ ಮಾಡಿದ್ದ. ಆಮೇಲೂ ಎಂಟು ದಿನ ಮಾಡಿದ. ಒಂದು ಸಲವಾದರೂ "ಅವತ್ತು ಯಾಕೆ ಬಂದಿದ್ದೆ" ಎಂದು ಕೇಳಬಹುದಿತ್ತಲ್ಲ. ನಾನು ಮೊಣಕಾಲಿನ ವಿಷಯ ಹೇಳಿದೆ. ಅವನು "ಹೂಂ" ಅಂದ.

ಮುಚ್ಚುಮರೆ ಇರಲಿಲ್ಲ ಎಂದು ಮೊದಲ ಪುಟದಲ್ಲೇ ಬರೆದಿದ್ದೇನೆ. ನನ್ನ ಕಡೆಯಿಂದ ಇರಲಿಲ್ಲ, ನಿಜ. ಅವನ ಕಡೆ ಏನಿತ್ತು ಎಂದು ನನಗೇನು ಗೊತ್ತು?


ಮಾರ್ಚ್ 29, ಶನಿವಾರ

ಆಸ್ಪತ್ರೆಯ ಚಾರ್ಜರಿನದು ಸುತ್ತುತ್ತಿದ್ದೆ. ಸಾವಿರದ ನೂರ ನಲವತ್ತೆರಡು. ಬಾಗಿಲಲ್ಲಿ ನೆರಳು ಬಿತ್ತು. ಅವಳು, ಕಂಕುಳಲ್ಲಿ ಆ ಬೂದು ಪೆಟ್ಟಿಗೆ.

ಎಡಗೈ ತಾನಾಗಿ ಮೇಲೆದ್ದಿತು. ನನ್ನದೇ ಅಂಗೈ ನನ್ನ ಕಣ್ಣೆದುರು. ಅದರ ಆಚೆ ಅವಳು ನಿಂತಳು, ಸುಮ್ಮನೆ, ಅವನು ನಿಂತ ಜಾಗದಲ್ಲೇ. ಸ್ಟೂಲಿನ ಕಡೆ ನೋಡಿದಳು.

ಹಿಡಿಕೆ ಬಿಟ್ಟೆ. ತಂತಿ ಸಡಿಲಾಗಿ ನಾಲ್ಕೈದು ಸುತ್ತು ಬಿಚ್ಚಿಕೊಂಡಿತು.

"ಹೇಳು," ಎಂದೆ.

"ಪರವಾಗಿಲ್ಲ, ನೀವು ಮುಗಿಸಿ ಅತ್ತಿಗೆ."

"ಎಣಿಕೆ ಹೋಯಿತು. ಹೇಳು."

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. "ಇದನ್ನೂ ಮನೇಲಿರೋ ಇಂಥ ಪೆಟ್ಟಿಗೆಗಳನ್ನೂ ಯಾರಿಗಾದ್ರೂ ಕೊಟ್ಬಿಡಿ. ಇನ್ನೂ ನಾಲ್ಕಿವೆ. ನಾನು ಇಟ್ಕೊಂಡ್ರೆ ಅವನ್ನೂ ಸುಟ್ಟುಹಾಕ್ತೀನಿ. ಅವರದು ಅಂತ ಉಳಿದಿದ್ದು ಅದೊಂದು, ಅದನ್ನೂ ನಾನು…"

"ನೀನಲ್ಲ."

"ಸಮಾಧಾನ ಹೇಳ್ಬೇಡಿ."

"ಸಮಾಧಾನ ಅಲ್ಲ. ನೀನು ಚುಚ್ಚಿದ ಮೇಲೂ ಎಲ್ಲ ಇತ್ತು. ನಾನೇ ಕಣ್ಣಾರೆ ನೋಡಿದ್ದೆ. ನಲವತ್ತೊಂದು, ಮೂವತ್ತೊಂಬತ್ತು, ಒಂದು. ನಾನು ಬ್ಯಾಟರಿ ಬದಲಾಯಿಸಿದೆ. ಹಳೇದು ತೆಗೆದ ತಕ್ಷಣ ಹೋಯಿತು. ನಾನು ಅಳಿಸಿದ್ದು."

ಅವಳ ಬಲಗಾಲು ನೆಲವನ್ನು ಒತ್ತಿ ಹಾಗೇ ನಿಂತಿತು.

"ಭಾನುವಾರ ಗೊತ್ತಿತ್ತಾ ನಿಮಗೆ? ನಾನು ಅಳ್ತಾ ಇದ್ದಾಗ?"

"ಗೊತ್ತಿತ್ತು."

"ಆರು ದಿನ. ಆರು ದಿನ ನಾನು ಈ ಕೈ ನೋಡ್ಕೊಂಡು ಒದ್ದಾಡಿದೀನಿ. ಪಾಠಕ್ಕೆ ಬಂದವರ ಸ್ಟೀರಿಂಗ್ ಮುಟ್ಟೋಕೂ ಹೆದರಿಕೆ ಆಗ್ತಿತ್ತು. ಭುಜ ತಟ್ಟಿ ಹೋದ್ರಲ್ಲ ನೀವು!"

ಅವಳು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದಳು. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಅವಳ ಕೈ ಅವಳಿಗೆ ವಾಪಸ್ಸು ಸಿಕ್ಕಿತು, ಅಷ್ಟು ಸಾಕು.

ಆಸ್ಪತ್ರೆಯದನ್ನು ಪೂರ್ತಿ ಬಿಚ್ಚಿ ಮತ್ತೆ ಒಂದರಿಂದ ಸುತ್ತಬೇಕು.


ಏಪ್ರಿಲ್ 2

ಗಡಿಯಾರದವರು ಇವತ್ತು ನಾನೂರ ಹದಿನೇಳರಲ್ಲಿ ಬಂದರು. ಕೈ ನಿಲ್ಲಿಸಿ "ಏನು?" ಎಂದೆ. ಮಗಳಿಗೆ ಕನ್ನಡಕ ಬಂತಂತೆ. ಅವರಿಗೆ ಮಗಳಿರುವುದೇ ನನಗೆ ಗೊತ್ತಿರಲಿಲ್ಲ. ಹೊಸ ಕೌಂಟರ್ ಹಾಕಿಸಿಕೊಳ್ಳಬಾರದೇ ಎಂದು ಕೇಳಿದರು. ಅದೂ ಸರಿಯೇ. ಹನ್ನೊಂದು ವರ್ಷದಿಂದ ಅದೇಕೆ ಹೊಳೆದಿರಲಿಲ್ಲವೋ.


ಏಪ್ರಿಲ್ 4, ಶುಕ್ರವಾರ

ಆರೂವರೆಗೆ ಫೋನ್ ಹೊಡೆದುಕೊಂಡಿತು. ಅವಳು.

ಹಲೋ ಎನ್ನಲಿಲ್ಲ. "ನನಗಿನ್ನೂ ಕೋಪ ಇದೆ," ಎಂದಳು.

"ಇರಲಿ."

"ಆ ಬ್ಯಾಟರಿ ಹೋಗುತ್ತೆ ಅಂತ ಅವರಿಗೂ ಗೊತ್ತಿತ್ತು. ಬದಲಾಯಿಸೋಕೆ ಧೈರ್ಯ ಇರ್ಲಿಲ್ಲ. ಅಕ್ಕನಿಗೆ ಕೊಟ್ರೆ ಮಾಡ್ತಾಳೆ, ಅವಳ ಕೈ ನಡುಗಲ್ಲ ಅಂತಿದ್ರು."

ಅದನ್ನು ಕೇಳಿ ನನಗೆ ಸ್ಟೂಲಿನ ಮೇಲೆ ಕೂರಲೂ ಆಗಲಿಲ್ಲ. ಎದ್ದು ನಿಂತು ಅತ್ತೆ. ಅವಳಿಗೆ ಕೇಳಿಸಿರಬೇಕು. ಇಟ್ಟುಬಿಡುತ್ತಾಳೆ ಎಂದುಕೊಂಡೆ, ಇಡಲಿಲ್ಲ.

"ನಾಡಿದ್ದು ಹತ್ತು ಗಂಟೆಗೆ ಬನ್ನಿ," ಎಂದಳು ಕೊನೆಗೆ. "ಪೆಟ್ಟಿಗೆನೂ ತನ್ನಿ, ಯಾರಿಗೂ ಕೊಡಲ್ಲ. ಮೊದಲಿಂದ ಆಡ್ಬೇಕು. ನಿಮ್ಮ ಹೆಸರು ನೀವೇ ಬರೀರಿ, ನಾನಂತೂ ಬರೆಯಲ್ಲ."


ಏಪ್ರಿಲ್ 6, ಭಾನುವಾರ

ಕುರ್ಚಿ ಇರಲಿಲ್ಲ. ಎರಡು ದಿಂಬಿನ ಪಕ್ಕ ಮೂರನೆಯದೊಂದು ಹೊಸ ದಿಂಬು ಹಾಕಿದ್ದಳು. ಗುಳಿ ಇದ್ದದ್ದು ಮಧ್ಯದಲ್ಲಿ ಹಾಗೇ ಇತ್ತು, ಅದರ ಆಚೆ ಈಚೆ ನಾವು.

ಮೊದಲ ಸಾಲಿನಲ್ಲಿ ಅವಳು "ಬ್ರೇಕು" ಎಂದು ಬರೆದಳು. ಎರಡನೆಯದರಲ್ಲಿ ನಾನು ನನ್ನ ಹೆಸರು ಹುಡುಕಿದೆ. ಚೌಕದಲ್ಲಿ ಅಷ್ಟೂ ಅಕ್ಷರ ಹರಡಿವೆ, ಗುಂಡಿ ಒತ್ತುತ್ತ ಒಂದೊಂದರ ಮೇಲೆ ಹೋಗಬೇಕು. ಮಧ್ಯದ ಚಿಕ್ಕದು ಸಿಗಲೇ ಇಲ್ಲ. ದೊಡ್ಡದನ್ನು ಒತ್ತಿಬಿಟ್ಟೆ, ಅಳಿಸಿದೆ, ಮತ್ತೆ ಒತ್ತಿದೆ. ಅವಳು ತೋರಿಸಿಕೊಡಲಿಲ್ಲ. ಮೂರನೆಯ ಸಾಲಿನಲ್ಲಿ ಅವನ ಹೆಸರು ಬರೆಯೋಣವೇ ಎಂದು ಕೇಳಿದೆ. ಬೇಡ ಎಂದಳು.

ಆಟದೊಳಗೆ ನನ್ನ ಆಳು ಕತ್ತಿ ಹಿಡಿಯಲೂ ಬಾರದೆ ಒಂದು ಮರಕ್ಕೆ ಮುಖ ಕೊಟ್ಟು ನಡೆಯುತ್ತಲೇ ಇದ್ದ. ಅವಳ ಆಳು ಸೇತುವೆಯ ತನಕ ಹೋಗಿ, ತಿರುಗಿ ನಿಂತ.

"ನಿಧಾನ ಬನ್ನಿ," ಎಂದಳು, ಟಿವಿಯಿಂದ ಕಣ್ಣು ತೆಗೆಯದೆ. "ಕಾಯ್ತೀನಿ ಬಿಡಿ."

ಆ ಮಾತು ಅವನ ಬಾಯಿಂದ ಇವಳಿಗೆ ಬಂತೋ, ಇವಳಿಂದ ಅವನಿಗೆ ಹೋಗಿತ್ತೋ, ಗೊತ್ತಿಲ್ಲ. ನಾನು ಕೈಯಲ್ಲಿದ್ದ ಗುಂಡಿಗಳ ಹಿಡಿಕೆಯನ್ನು ನೆಲದ ಮೇಲಿಟ್ಟೆ.

"ಕಾಯಬೇಡ," ಎಂದೆ. "ಆಟ ಅಲ್ಲೇ ಇರಲಿ. ಅವನು ಭಾನುವಾರ ನಿನ್ನ ಹತ್ತಿರ ಏನು ಮಾತಾಡುತ್ತಿದ್ದ? ಹೇಳು."

ಅವಳು ನನ್ನ ಕಡೆ ತಿರುಗಿ ಕುಳಿತಳು. ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವಳು ಹೇಳತೊಡಗಿದಳು, ನಾನು ಕೇಳಿದೆ. ನನಗೆ ಗೊತ್ತಿದ್ದದ್ದು ಅದರಲ್ಲಿ ಒಂದೂ ಇರಲಿಲ್ಲ. ಎದ್ದಾಗ ಗಡಿಯಾರ ನೋಡಿದರೆ ಆರೂವರೆ ದಾಟಿಹೋಗಿತ್ತು.